ಫೋನಿಗೆ ಬಂದ ತಾಲೀಮು

ಬೆಂಗಳೂರು–ಮಂಗಳೂರು ಹೆದ್ದಾರಿಯಲ್ಲಿರುವ ಹಿರೀಸಾವೆ ಚನ್ನರಾಯಪಟ್ಟಣ ತಾಲ್ಲೂಕಿನ ಹೋಬಳಿ ಕೇಂದ್ರ. ಈ ಸೀಮೆಯಲ್ಲಿ ರಾಗಿ ಒಕ್ಕಣೆ ಮುಗಿಯಿತೆಂದರೆ ಮಾತು ‘ಕುರುಕ್ಷೇತ್ರ’ ನಾಟಕದ ಕಡೆ ಹೊರಳುತ್ತದೆ. ದುರ್ಯೋಧನ ಯಾರು, ಕೃಷ್ಣ ಯಾರು ಎಂದು ತೀರ್ಮಾನವಾಗುತ್ತದೆ. ಪಾತ್ರಕ್ಕೆ ತಕ್ಕಂತೆ ಪಾತ್ರಧಾರಿಯೇ ದುಡ್ಡು ಹಾಕುತ್ತಾನೆ. ಸೀನರಿ, ಮೈಕು, ಬಣ್ಣ, ಹೊರಗಿನಿಂದ ಬರುವ ಸ್ತ್ರೀ ಪಾತ್ರಧಾರಿಗಳ ಸಂಭಾವನೆ ಎಲ್ಲವೂ ಅದರಲ್ಲೇ ನಡೆಯಬೇಕು. ಇಷ್ಟಕ್ಕೂ ನಡುಗಂಬ ಹಾರ್ಮೋನಿಯಂ ಮೇಷ್ಟ್ರು.

ಹಗಲೆಲ್ಲ ಹೊಲ, ಅಂಗಡಿ ಎಂದು ದುಡಿದವರನ್ನು ರಾತ್ರಿ ದೇವಸ್ಥಾನದ ಮುಂದೆಯೋ ಶಾಲೆಯ ಜಗುಲಿಯಲ್ಲೋ ಕೂರಿಸಿಕೊಂಡು ಕಂದ, ರಂಗಗೀತೆ, ಮಾತು ಮೂರನ್ನೂ ಕಲಿಸುವವರು ಅವರು. ಕಪ್ಪು ಎರಡರ ಶ್ರುತಿ ಎಟುಕದವನಿಗೆ ಬಿಳಿ ಒಂದಕ್ಕೆ ಇಳಿಸಿ ಕೊಡುತ್ತಾರೆ. ಉಸಿರು ಸಾಲದವನಿಗೆ ಪದ್ಯವನ್ನು ಎಲ್ಲಿ ನಿಲ್ಲಿಸಬೇಕೆಂದು ತೋರಿಸುತ್ತಾರೆ. ನಾಟಕದ ರಾತ್ರಿ ಯಾರಾದರೂ ತಡವರಿಸಿದರೆ ಹಾರ್ಮೋನಿಯಂನಲ್ಲೇ ಎತ್ತುಗಡೆ ಕೊಟ್ಟು ದಡ ಸೇರಿಸುತ್ತಾರೆ.

2020ರ ಮಾರ್ಚ್ 25ರಂದು ಯುಗಾದಿ. ದೇಶದಾದ್ಯಂತ ಲಾಕ್‌ಡೌನ್ ಶುರುವಾದದ್ದೂ ಅಂದೇ. ಜಾತ್ರೆಯೂ ನಾಟಕವೂ ಒತ್ತೊತ್ತಾಗಿ ಬರುವ ಕಾಲದಲ್ಲೇ ರಂಗ ಬರಿದಾಯಿತು. ಕರಾವಳಿಯ ಯಕ್ಷಗಾನ ಮೇಳಗಳು ತಿರುಗಾಟದ ನಡುವೆಯೇ ನಿಂತವು. ಕಾಸರಗೋಡಿನ ಸಿರಿಬಾಗಿಲು ವೆಂಕಪ್ಪಯ್ಯ ಸಾಂಸ್ಕೃತಿಕ ಪ್ರತಿಷ್ಠಾನ ಕೊರೊನಾ ಜಾಗೃತಿ ಯಕ್ಷಗಾನವನ್ನು ಚಿತ್ರೀಕರಿಸಿ ಯೂಟ್ಯೂಬಿಗೆ ಹಾಕಿತು. ಚಂದನ ವಾಹಿನಿಯಲ್ಲಿ ಶಾಲೆಯ ಪಾಠಗಳು ಬಂದವು.

ನಾಟಕದ ಪಾಠಕ್ಕೆ ಮಾತ್ರ ಪರದೆ ಅರ್ಧವಷ್ಟೇ ಒಗ್ಗುವಂಥದ್ದು. ಝೂಮ್‌ನಲ್ಲಿ ಮೇಷ್ಟ್ರು ಒತ್ತಿದ ಸ್ವರ ಶಿಷ್ಯನಿಗೆ ತುಸು ತಡವಾಗಿ ಮುಟ್ಟುತ್ತದೆ. ಅವನ ದನಿ ಮರಳುವುದು ಇನ್ನೂ ತಡ. ತಬಲಾದ ಠೇಕಾ ಒಂದು ಕಡೆ, ಹಾಡು ಇನ್ನೊಂದು ಕಡೆ. ಗದ್ದಲ ಅಡಗಿಸುವ ತಂತ್ರಾಂಶ ಹಾರ್ಮೋನಿಯಂನ ನೀಳ ಸ್ವರವನ್ನೂ ಗದ್ದಲವೆಂದೇ ಬಗೆದು ಕತ್ತರಿಸುತ್ತದೆ. ಗುಂಪಿನ ಉಚಿತ ಕರೆ 40 ನಿಮಿಷಕ್ಕೆ ಮುಗಿಯುತ್ತದೆ. ಹಾಗಾಗಿ ಒಟ್ಟಿಗೆ ಹಾಡುವುದು ಅಲ್ಲಿ ಆಗದ ಮಾತು. ಒಬ್ಬರು ಹಾಡುವಾಗ ಉಳಿದವರು ಸುಮ್ಮನೆ ಕೇಳಬೇಕು, ಇಲ್ಲವೇ ಮಟ್ಟನ್ನು ರೆಕಾರ್ಡ್ ಮಾಡಿ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಬೇಕು. ಇದರಿಂದ ಲಾಭವೂ ಉಂಟು. ಕಷ್ಟದ ಎಳೆತವನ್ನು ಎಷ್ಟು ಸಲ ಬೇಕಾದರೂ ಕೇಳಬಹುದು. ಬೆಂಗಳೂರಿನಲ್ಲಿ ಕೆಲಸಕ್ಕಿರುವ ಊರ ಹುಡುಗನೂ ತಾಲೀಮಿಗೆ ಸೇರಬಹುದು.

ಆದರೆ ನಾಟಕಕ್ಕೆ ಎದುರಿಗೆ ಕೂತ ಜನವೇ ಬೇಕು. 2021ರ ಮಾರ್ಚ್‌ನಲ್ಲಿ, ಕೊರೊನಾದ ಎರಡು ಅಲೆಗಳ ನಡುವಿನ ಬಿಡುವಿನಲ್ಲಿ, ಮೈಸೂರಿನ ರಂಗಾಯಣ ‘ಪರ್ವ’ವನ್ನು ಪ್ರಕಾಶ್ ಬೆಳವಾಡಿ ನಿರ್ದೇಶನದಲ್ಲಿ ರಂಗಕ್ಕೆ ತಂದಿತು. ಅದು ಇದೇ ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದ ಎಸ್.ಎಲ್. ಭೈರಪ್ಪನವರ ಕಾದಂಬರಿ. ಹೆಚ್ಚುಕಮ್ಮಿ ಇಡೀ ದಿನ ನಡೆಯುವ ಆ ಮಹಾಭಾರತವನ್ನು ಜನ ರಂಗಮಂದಿರದಲ್ಲೇ ಕೂತು ನೋಡಿದರು. ಕೆಲವೇ ವಾರಗಳಲ್ಲಿ ರಾಜ್ಯಕ್ಕೆ ಮತ್ತೆ ಕರ್ಫ್ಯೂ ಬಂತು.

ಆ ದಿನಗಳು ಕಲಿಸಿದ್ದು ಇಷ್ಟು: ಫೋನು ರಂಗವಾಗದು, ಪಾಠದ ಮನೆಯಾಗಬಲ್ಲದು. ನಾಟಕದ ಪುಸ್ತಕದಲ್ಲಿ ಪದ್ಯ ಸಿಗುತ್ತದೆ, ಮಟ್ಟು ಸಿಗುವುದಿಲ್ಲ. ಅದು ಮೇಷ್ಟ್ರ ಕಂಠದಲ್ಲಿದೆ. ಹೋಬಳಿ ಹೋಬಳಿಯಲ್ಲೂ ಹಿರಿಯ ಮೇಷ್ಟ್ರುಗಳನ್ನು ಕೂರಿಸಿ, ರಾಗ, ತಾಳ, ಪಾತ್ರದ ಹೆಸರು ಸಮೇತ ಆ ಮಟ್ಟುಗಳನ್ನು ದಾಖಲಿಸುವ ಕೆಲಸವನ್ನು ನಾಟಕ ಅಕಾಡೆಮಿ ಕೈಗೆತ್ತಿಕೊಳ್ಳಲಿ. ಊರಿನ ಹುಡುಗರು ಅದಕ್ಕೂ ಕಾಯದೆ ಈ ಸುಗ್ಗಿಯ ತಾಲೀಮಿನಲ್ಲೇ ಶುರು ಮಾಡಬಹುದು.