ರೋರಿಕ್ ಚಿತ್ರಗಳಲ್ಲಿ ಹಿಮಾಲಯ

ಬೆಂಗಳೂರಿನ ಕರ್ನಾಟಕ ಚಿತ್ರಕಲಾ ಪರಿಷತ್ತಿನಲ್ಲಿ ರಷ್ಯಾ ಮೂಲದ ತಂದೆ ಮಕ್ಕಳಿಬ್ಬರ ಕೃತಿಗಳು ಒಟ್ಟಿಗೆ ನೋಡಲು ದೊರೆಯುತ್ತವೆ. ತಂದೆ ನಿಕೋಲಸ್ ರೋರಿಕ್ (1874–1947), ಮಗ ಸ್ವೆತೊಸ್ಲಾವ್ ರೋರಿಕ್ (1904–1993). ದೂರದ ಒಂದು ಪರ್ವತ ಪ್ರದೇಶವು ಎರಡು ತಲೆಮಾರಿನ ಕಲಾವಿದರಿಗೆ ಬತ್ತದ ಸ್ಫೂರ್ತಿಯಾದ ಬಗೆಯನ್ನು ಈ ಕೃತಿಗಳಿಂದ ಅರಿಯಬಹುದು.

1923ರಲ್ಲಿ ಭಾರತಕ್ಕೆ ಬಂದ ನಿಕೋಲಸ್, ಡಾರ್ಜಿಲಿಂಗ್‌ನಿಂದ ಕಾಂಚನಜುಂಗಾವನ್ನು ಕಂಡರು. 1925ರಿಂದ 1928ರವರೆಗೆ ಲಡಾಖ್, ಆಲ್ತಾಯ್, ಮಂಗೋಲಿಯಾ ಮತ್ತು ಟಿಬೆಟ್ ಪ್ರದೇಶಗಳನ್ನು ಸುತ್ತಿ, ಕೊನೆಗೆ ಕುಲು ಕಣಿವೆಯ ನಗ್ಗರ್‌ನಲ್ಲಿ ನೆಲೆಸಿದರು. ಅವರ ಜೀವನವು ಕೊನೆಗೊಂಡದ್ದೂ ಅಲ್ಲಿಯೇ.

ಒಂದೇ ಪರ್ವತವನ್ನು ಮತ್ತೆ ಮತ್ತೆ ಚಿತ್ರಿಸುವುದು ಪುನರಾವರ್ತನೆಯಲ್ಲವೇ ಎಂಬ ಪ್ರಶ್ನೆ ಸಹಜ. ರಾಯಚೂರು, ದೇವದುರ್ಗ, ಮಾನ್ವಿ ಪರಿಸರದ ಬಂಡೆಗುಡ್ಡಗಳನ್ನು ದಿನವಿಡೀ ನೋಡಿದವರಿಗೆ ಇದರ ಉತ್ತರ ತಿಳಿದಿರುತ್ತದೆ: ಕಲ್ಲಿನ ಆಕಾರ ಬದಲಾಗದು, ಅದರ ಬಣ್ಣ ಮಾತ್ರ ಬೆಳಕಿನೊಡನೆ ಬದಲಾಗುತ್ತಲೇ ಇರುತ್ತದೆ. ಹಿಮಶಿಖರಗಳಲ್ಲಿ ಈ ಬದಲಾವಣೆ ಇನ್ನೂ ತೀವ್ರ. ನಿಕೋಲಸ್ ಹೆಚ್ಚಾಗಿ ಬಳಸಿದ ಟೆಂಪರಾ ವರ್ಣಗಳು ಬೇಗ ಒಣಗುತ್ತವೆ, ತೈಲವರ್ಣದಂತೆ ಹೊಳೆಯುವುದಿಲ್ಲ. ಆದ್ದರಿಂದ ಪದರ ಪದರವಾಗಿ ಹಿಂದೆ ಸರಿಯುವ ನೀಲಿ, ನೇರಳೆ ಬೆಟ್ಟಸಾಲುಗಳನ್ನು ಸರಳ ವರ್ಣಕ್ಷೇತ್ರಗಳಲ್ಲಿ ಹಿಡಿದಿಡುವುದು ಸಾಧ್ಯವಾಯಿತು. ಆ ವಿಸ್ತಾರದಲ್ಲಿ ಮನುಷ್ಯಾಕೃತಿ ಎಷ್ಟೋ ಸಲ ಒಂದು ಬಿಂದುವಿನಷ್ಟೇ ಚಿಕ್ಕದು.

ಸ್ವೆತೊಸ್ಲಾವ್ ಅವರ ಸಂದರ್ಭ ಭಿನ್ನವಾದುದು. ತಂದೆಯ ಭಾವಚಿತ್ರಗಳನ್ನು ರಚಿಸುವಾಗಲೂ ಅವರು ಹಿನ್ನೆಲೆಗೆ ಪರ್ವತವನ್ನು ಆರಿಸಿಕೊಂಡುದುಂಟು. 1945ರಲ್ಲಿ ನಟಿ ದೇವಿಕಾರಾಣಿ ಅವರನ್ನು ವಿವಾಹವಾದ ಬಳಿಕ ಬೆಂಗಳೂರಿನ ಸಮೀಪದ ತಾತಗುಣಿ ಎಸ್ಟೇಟ್ ಅವರ ನೆಲೆಯಾಯಿತು. ದಕ್ಷಿಣದ ನೆಲ ಮತ್ತು ದುಡಿಯುವ ಜನ ಅವರ ಕುಂಚಕ್ಕೆ ಬಂದರೂ ಹಿಮಾಲಯ ಮರೆಯಾಗಲಿಲ್ಲ. ಕಣ್ಣೆದುರಿಗಿದ್ದ ಕುಲು ಈಗ ನೆನಪಿನ ಕುಲುವಾಗಿತ್ತು. ಸ್ಥಳದಿಂದ ದೂರವಾದಾಗ ಅದರ ವಿವರಗಳು ಕರಗಿ ವರ್ಣವೇ ಮುಖ್ಯವಾಗುವುದನ್ನು ಅವರ ಭೂದೃಶ್ಯಗಳಲ್ಲಿ ಗುರುತಿಸಬಹುದು.

ದಂಪತಿಗಳ ನಿಧನಾನಂತರ ಎಸ್ಟೇಟ್ ವಿವಾದಕ್ಕೆ ಸಿಲುಕಿತು. ಅದನ್ನು ಸ್ವಾಧೀನಪಡಿಸಿಕೊಳ್ಳಲು ರಾಜ್ಯವು 1996ರಲ್ಲಿ ರೂಪಿಸಿದ ಕಾಯಿದೆಯನ್ನು ಸರ್ವೋಚ್ಚ ನ್ಯಾಯಾಲಯವು 2011ರಲ್ಲಿ ಎತ್ತಿಹಿಡಿಯಿತು. ಭೂಮಿಯ ಒಡೆತನ ಹೀಗೆ ನಿರ್ಣಯವಾಯಿತು. ಆದರೆ ಚಿತ್ರಗಳ ವಿಷಯ ಕಾನೂನಿನಿಂದಲೇ ಮುಗಿಯುವಂಥದಲ್ಲ. ತೇವ, ಧೂಳು, ಪ್ರಖರ ಬೆಳಕುಗಳಿಂದ ಟೆಂಪರಾದ ಸೂಕ್ಷ್ಮ ವರ್ಣಗಳನ್ನು ಕಾಪಾಡಿ, ಅವು ಜನರ ಕಣ್ಣಿಗೆ ಬೀಳುವಂತೆ ನೋಡಿಕೊಂಡಾಗಲೇ ಕನ್ನಡ ನಾಡಿಗೆ ಬಂದ ಈ ಹಿಮಾಲಯ ನಮ್ಮದಾಗಿ ಉಳಿದೀತು.