ಪೈನ್ ಮರದ ದುಂಬಿಯೂ ಪೆಟ್ರೋಲಿನ ಬೆಲೆಯೂ

ಕೆನಡಾ ದೇಶದ ಪಶ್ಚಿಮ ತೀರಕ್ಕೆ ಸೇರಿದ ಬ್ರಿಟಿಷ್ ಕೊಲಂಬಿಯಾ ಪ್ರಾಂತದ ಒಳನಾಡಿನಲ್ಲಿ, ಬೆಟ್ಟದಿಂದ ಬೆಟ್ಟಕ್ಕೆ ಹಬ್ಬಿ ನಿಂತಿದ್ದ ಪೈನ್ ಅರಣ್ಯವನ್ನು ಕಳೆದ ಶತಮಾನದ ಕೊನೆಯ ವರ್ಷಗಳಿಂದ ಮೊದಲ್ಗೊಂಡು ಒಂದು ದಶಕಕ್ಕೂ ಮಿಕ್ಕ ಕಾಲ ಕಾಡಿ ಕೆಡವಿದ್ದು ಅಕ್ಕಿಕಾಳಿನಷ್ಟು ಗಾತ್ರದ ಒಂದು ಕರಿಯ ದುಂಬಿ. ತೊಗಟೆಯನ್ನು ಕೊರೆದು ಒಳಹೊಕ್ಕು, ಅಲ್ಲಿ ಮೊಟ್ಟೆಯಿಟ್ಟು, ತನ್ನೊಡನೆ ತಂದ ಶಿಲೀಂಧ್ರವನ್ನು ಮರದ ರಸನಾಳಗಳಲ್ಲಿ ಬೆಳೆಸಿ, ಬೇರಿನ ನೀರು ತುದಿಗೇರದಂತೆ ಮಾಡುವ ಈ ಕೀಟ ಆ ಕಾಡಿಗೆ ಹೊಸದೇನಲ್ಲ. ಚಳಿಗಾಲಕ್ಕೆ ಮುನ್ನ ಮೈಯೊಳಗೆ ಗ್ಲಿಸರಾಲನ್ನು ಕೂಡಿಸಿಕೊಂಡು ಸಾಧಾರಣ ಹಿಮವನ್ನು ತಾಳಿಕೊಳ್ಳುವ ಅದರ ಮರಿಹುಳುಗಳು, ಉಷ್ಣತೆಯು ಸೊನ್ನೆಗಿಂತ 35–40 ಡಿಗ್ರಿ ಕೆಳಗಿಳಿದು ಕೆಲವು ದಿನ ಹಾಗೆಯೇ ನಿಂತಾಗ ಬಹುಮಟ್ಟಿಗೆ ನಾಶವಾಗುತ್ತಿದ್ದುವು. ಅಂಥ ಚಳಿಯೇ ವರ್ಷದಿಂದ ವರ್ಷಕ್ಕೆ ಅಪರೂಪವಾಯಿತು. ಕಾಳ್ಗಿಚ್ಚನ್ನು ಬಹುಕಾಲ ತಡೆಯುತ್ತ ಬಂದುದರಿಂದ ಕಾಡಿನಲ್ಲಿ ವಯಸ್ಸಾದ ಮರಗಳು ಹೆಚ್ಚಿದ್ದುದೂ ದುಂಬಿಗೆ ಅನುಕೂಲವಾಯಿತೆಂಬುದನ್ನು ಹೇಳದೆ ಬಿಡಲಾಗದು. ಮರದ ಹಸಿರು ಮರುವರ್ಷ ಕೆಂಪಾಗಿ, ಅದರಾಚೆಗೆ ಬೂದಿಬಣ್ಣವಾಗಿ, ಅಂತೂ ಆ ಬಾಧೆ ಸುಮಾರು 1 ಕೋಟಿ 80 ಲಕ್ಷ ಹೆಕ್ಟೇರ್ ನೆಲಕ್ಕೆ ವ್ಯಾಪಿಸಿತು. ನಮ್ಮ ಕರ್ನಾಟಕದ ಒಟ್ಟು ವಿಸ್ತೀರ್ಣ 1 ಕೋಟಿ 92 ಲಕ್ಷ ಹೆಕ್ಟೇರ್ ಎಂದರೆ ಅದರ ಪ್ರಮಾಣ ಊಹೆಗೆ ನಿಲುಕಬಹುದು.

ಹವಾಮಾನದ ವ್ಯತ್ಯಯವನ್ನು ಇಷ್ಟು ಹತ್ತಿರದಿಂದ ಕಂಡ ಜನ ಅದರ ನಿವಾರಣೆಗೆ ಮೊದಲು ಕೈಯೆತ್ತುವರೆಂದು ತರ್ಕ ಹೇಳುತ್ತದೆ. ಆದರೆ 2008ರಲ್ಲಿ ಆ ಪ್ರಾಂತದ ಸರ್ಕಾರ ಇಂಧನಗಳ ಮೇಲೆ ಇಂಗಾಲದ ತೆರಿಗೆಯನ್ನು ವಿಧಿಸಿದಾಗ, ದೂರದೂರ ವಾಹನ ಓಡಿಸಲೇಬೇಕಾದ, ದೀರ್ಘವಾದ ಚಳಿಗಾಲದಲ್ಲಿ ಮನೆ ಕಾಯಿಸಲೇಬೇಕಾದ ಉತ್ತರದ ಮತ್ತು ಒಳನಾಡಿನ ಊರುಗಳಿಂದಲೇ ದೊಡ್ಡ ಆಕ್ಷೇಪಣೆ ಬಂದಿತು. ಇದನ್ನು ಕಂಡು ಆ ಜನರನ್ನು ಅವಿವೇಕಿಗಳೆಂದು ಕರೆಯುವುದು ಸುಲಭ. ಆದರೆ ಸುಲಭವಾದ ಈ ವಿವರಣೆ ಸರಿಯಾದುದಲ್ಲ.

ಕಾರಿ ನಾರ್ಗಾರ್ಡ್ ಎಂಬ ಸಮಾಜವಿಜ್ಞಾನಿ 2000–01ರ ಚಳಿಗಾಲವನ್ನು ನಾರ್ವೆಯ ಒಂದು ಸಣ್ಣ ಊರಿನಲ್ಲಿ ಕಳೆದು, ಅಲ್ಲಿ ಕಂಡುದನ್ನು 2011ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ಆ ವರ್ಷ ಅಲ್ಲಿ ಹಿಮ ತಡವಾಗಿ ಬಿದ್ದಿತು. ಹಿಮಜಾರಾಟದ ತಾಣವನ್ನು ಕೃತಕ ಹಿಮದಿಂದ ತೆರೆಯಬೇಕಾಯಿತು. ಕೆರೆಯ ನೀರು ಎಂದಿನಂತೆ ಗಟ್ಟಿಯಾಗಿ ಹೆಪ್ಪುಗಟ್ಟಲಿಲ್ಲ. ಊರಿನವರೆಲ್ಲ ಓದುಬರಹ ಬಲ್ಲವರು, ವೃತ್ತಪತ್ರಿಕೆ ಓದುವವರು, ಹವಾಮಾನ ಬದಲಾಗುತ್ತಿದೆಯೆಂದು ಒಪ್ಪುವವರು. ಹೀಗಿದ್ದೂ ಆ ವಿಷಯ ಊರಿನ ಸಭೆಗಳಲ್ಲಿ ಏಳಲಿಲ್ಲ, ಮಾತುಕತೆಯಲ್ಲಿ ಬಂದರೂ ಒಂದು ವಾಕ್ಯದಲ್ಲಿಯೇ ಮುಗಿದುಹೋಗುತ್ತಿತ್ತು. ಎತ್ತಿದರೆ ಭಯವಾಗುತ್ತದೆ, ಏನೂ ಮಾಡಲಾಗದೆಂಬ ಅಸಹಾಯಕತೆ ಮೂಡುತ್ತದೆ, ತೈಲವನ್ನು ಮಾರಿ ಸಿರಿವಂತವಾದ ದೇಶದ ಪ್ರಜೆಗಳಿಗೆ ಸ್ವಲ್ಪ ತಪ್ಪಿತಸ್ಥರೆಂಬ ಭಾವವೂ ಬರುತ್ತದೆ. ಇವನ್ನೆಲ್ಲ ದೂರವಿಡುವುದಕ್ಕೆ ಸಮಾಜವೇ ಒಂದು ಮೌನವನ್ನು ಸಾಕಿಕೊಂಡಿರುತ್ತದೆ. ಅಜ್ಞಾನವನ್ನು ಪಾಠ ಹೇಳಿ ಹೋಗಲಾಡಿಸಬಹುದು; ಎಲ್ಲರೂ ಒಪ್ಪಿ ನಡೆಸುವ ಮೌನಕ್ಕೆ ಪಾಠದಿಂದ ಏನೂ ಆಗುವುದಿಲ್ಲ.

ಪಾಠಕ್ಕೇನೂ ಕೊರತೆಯಾಗಿಲ್ಲ. ಇಂಗಾಲದ ಡೈಆಕ್ಸೈಡು ಭೂಮಿಯನ್ನು ಎಷ್ಟು ಕಾಯಿಸಬಲ್ಲದೆಂಬ ಲೆಕ್ಕವನ್ನು ಸ್ವೀಡನ್ನಿನ ಅರೇನಿಯಸ್ 1896ರಲ್ಲಿಯೇ ಕಾಗದದ ಮೇಲೆ ಹಾಕಿದ್ದರು. 1958ರಲ್ಲಿ ಹವಾಯಿ ದ್ವೀಪದ ಮೌನಾ ಲೋವಾ ಪರ್ವತದ ಮೇಲೆ ಚಾರ್ಲ್ಸ್ ಕೀಲಿಂಗ್ ಅಳತೆಯನ್ನು ಆರಂಭಿಸಿದಾಗ ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಸುಮಾರು 315 ಭಾಗವಿದ್ದ ಆ ಅನಿಲ ಈಗ 420ನ್ನು ದಾಟಿದೆ. ಅಮೆರಿಕದಲ್ಲಿ ಡ್ಯಾನ್ ಕಹಾನ್ ಮತ್ತವರ ಸಂಗಡಿಗರು 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಂತೂ, ವಿಜ್ಞಾನವನ್ನೂ ಲೆಕ್ಕವನ್ನೂ ಚೆನ್ನಾಗಿ ಬಲ್ಲವರಲ್ಲಿ ಒಮ್ಮತ ಹೆಚ್ಚುವುದರ ಬದಲು ಪರಸ್ಪರ ಭೇದವೇ ಹೆಚ್ಚಿದ್ದುದು ಕಂಡುಬಂದಿತು. ಬುದ್ಧಿಶಕ್ತಿಯುಳ್ಳವರು ಅದನ್ನು ತಮ್ಮ ಪಂಗಡದ ವಾದವನ್ನು ಸಮರ್ಥಿಸುವುದಕ್ಕೆ ಬಳಸಿಕೊಂಡರೆಂದು ತೋರುತ್ತದೆ. ಉಪದೇಶವೇ ಮದ್ದೆಂದು ನಂಬಿದ ನಮ್ಮಂಥ ಲೇಖಕರಿಗೆ ಇದು ಅಷ್ಟೇನೂ ಹಿತವಾದ ಸುದ್ದಿಯಲ್ಲ.

ಅಪರಾಧವೆಲ್ಲ ಮನಸ್ಸಿನದೇ ಎಂದೂ ಹೇಳಲಾಗದು. ವಸ್ತುವಿನ ಸ್ವಭಾವವೇ ಹಾಗಿದೆ. ಒಂದು ಲೀಟರ್ ಪೆಟ್ರೋಲು ತೂಕದಲ್ಲಿ ಮುಕ್ಕಾಲು ಕಿಲೋಗ್ರಾಮು. ಉರಿಯುವಾಗ ಅದರ ಇಂಗಾಲದ ಒಂದೊಂದು ಪರಮಾಣುವೂ ಗಾಳಿಯಿಂದ ಎರಡೆರಡು ಆಮ್ಲಜನಕ ಪರಮಾಣುಗಳನ್ನು ಸೆಳೆದುಕೊಳ್ಳುವುದರಿಂದ ಹೊರಬೀಳುವ ಇಂಗಾಲದ ಡೈಆಕ್ಸೈಡು 2.3 ಕಿಲೋಗ್ರಾಮಿನಷ್ಟಾಗುತ್ತದೆ, ಎಂದರೆ ಟ್ಯಾಂಕಿಗೆ ಸುರಿದುದರ ಮೂರರಷ್ಟು ತೂಕ ಹಿಂದಿನ ಕೊಳವೆಯಿಂದ ಹೋಗುತ್ತದೆ, ಬಣ್ಣವಿಲ್ಲದೆ, ವಾಸನೆಯಿಲ್ಲದೆ. ಅದರ ಒಂದು ಪಾಲು ಶತಮಾನಗಳವರೆಗೆ ವಾಯುಮಂಡಲದಲ್ಲಿ ಉಳಿದು, ಯಾವ ದೇಶದಲ್ಲಿ ಹೊರಟಿತೆಂಬ ಗುರುತನ್ನೇ ಕಳೆದುಕೊಂಡು, ಲೋಕದ ಎಲ್ಲರ ಮೇಲೆಯೂ ಹರಡುತ್ತದೆ. ಪೆಟ್ರೋಲಿಗೆ ರಸೀತಿಯುಂಟು, ಇದಕ್ಕಿಲ್ಲ.

ಹೀಗೆ ಒಬ್ಬನ ವ್ಯಾಪಾರದ ನಷ್ಟ ವ್ಯಾಪಾರದ ಹೊರಗಿನವರ ತಲೆಗೆ ಬಂದು ಬೀಳುವ ಸಂದರ್ಭಗಳನ್ನು ಕೇಂಬ್ರಿಡ್ಜಿನ ಅರ್ಥಶಾಸ್ತ್ರಜ್ಞ ಆರ್ಥರ್ ಪಿಗು 1920ರ ತಮ್ಮ ಗ್ರಂಥದಲ್ಲಿ ವಿವೇಚಿಸಿ, ಆ ನಷ್ಟಕ್ಕೆ ತಕ್ಕ ತೆರಿಗೆಯನ್ನು ಹೇರಿದರೆ ಬೆಲೆಯೇ ಸತ್ಯವನ್ನು ನುಡಿಯುವುದೆಂದು ತೋರಿಸಿದರು. ಇಂಗಾಲದ ಬೆಲೆಯೆಂಬುದು ಇದೇ ತತ್ತ್ವದ ಅನ್ವಯ. ಇದರ ಚಮತ್ಕಾರವಿರುವುದು ಅದು ಯಾರ ನಂಬಿಕೆಯನ್ನೂ ಬೇಡದಿರುವುದರಲ್ಲಿ: ಹವಾಮಾನದ ವಿಷಯವನ್ನು ಒಪ್ಪದವನೂ ಕಾರು ಕೊಳ್ಳುವಾಗ ಮೈಲೇಜು ಕೇಳುತ್ತಾನೆ, ಒಪ್ಪಿಯೂ ಸುಮ್ಮನಿರುವವನು ಕಾರ್ಖಾನೆಯ ಹಳೆಯ ಬಾಯ್ಲರನ್ನು ಬದಲಿಸುವ ಲೆಕ್ಕ ಹಾಕುತ್ತಾನೆ.

ಬ್ರಿಟಿಷ್ ಕೊಲಂಬಿಯಾದ ತೆರಿಗೆ 2008ರ ಜುಲೈ 1ರಂದು ಇಂಗಾಲದ ಡೈಆಕ್ಸೈಡಿನ ಟನ್ನಿಗೆ 10 ಡಾಲರಿನಿಂದ ಆರಂಭವಾಗಿ, ವರ್ಷಕ್ಕೆ 5 ಡಾಲರಿನಂತೆ ಏರಿ, 2012ರಲ್ಲಿ 30 ಡಾಲರನ್ನು ಮುಟ್ಟಿತು. ಪೆಟ್ರೋಲಿನ ಮೇಲೆ ಇದು ಲೀಟರಿಗೆ 6.67 ಸೆಂಟ್. ಬಂದ ಹಣವನ್ನು ಆದಾಯ ತೆರಿಗೆಯ ಇಳಿಕೆಯಾಗಿಯೂ ಬಡವರಿಗೆ ಸಹಾಯಧನವಾಗಿಯೂ ಹಿಂದಿರುಗಿಸಲು ಶಾಸನವೇ ಸರ್ಕಾರವನ್ನು ಕಟ್ಟುಹಾಕಿತ್ತು; ಆರಂಭದ ವರ್ಷ ಪ್ರತಿಯೊಬ್ಬ ನಿವಾಸಿಗೂ 100 ಡಾಲರ್ ಕಳುಹಿಸಿದ್ದೂ ಉಂಟು. ತೆರಿಗೆಯನ್ನು ಕಿತ್ತೊಗೆಯುವೆವೆಂಬ ಘೋಷಣೆಯೊಡನೆ 2009ರ ಚುನಾವಣೆಗೆ ನಿಂತ ವಿರೋಧಪಕ್ಷ ಸೋತಿತು. ಮುಂದೆ ಅದೇ ಪಕ್ಷ ಅಧಿಕಾರಕ್ಕೆ ಬಂದಾಗ ತೆರಿಗೆಯನ್ನು ಏರಿಸಿತೆಂಬುದು ರಾಜಕಾರಣದ ವಿನೋದಗಳಲ್ಲೊಂದು. ಈ ತೆರಿಗೆಯಿಲ್ಲದಿದ್ದರೆ ಹೊರಬೀಳುತ್ತಿದ್ದ ಅನಿಲಕ್ಕಿಂತ ಶೇಕಡ 5ರಿಂದ 15ರಷ್ಟು ಕಡಿಮೆಯಾಯಿತೆಂದು ಸಂಶೋಧಕರು ಅಂದಾಜು ಮಾಡಿದ್ದಾರೆ. ಪ್ರಾಂತದ ಒಟ್ಟು ಆರ್ಥಿಕತೆಗೆ ಎದ್ದುಕಾಣುವ ಹಾನಿಯೇನೂ ತಗುಲಲಿಲ್ಲ. ಜಗತ್ತನ್ನು ಉಳಿಸುವಷ್ಟು ದೊಡ್ಡ ಫಲವಲ್ಲ, ಲೀಟರಿಗೆ ಏಳು ಸೆಂಟಿನ ತೆರಿಗೆಗೆ ಸಣ್ಣ ಫಲವೂ ಅಲ್ಲ.

ತೊಡಕಿರುವುದು ಇನ್ನೊಂದೆಡೆ. ತೆರಿಗೆಯನ್ನು ಪ್ರತಿಸಲ ಪೆಟ್ರೋಲ್ ಬಂಕಿನಲ್ಲಿ ನಿಂತಾಗಲೂ ಕಾಣುವ ಮನುಷ್ಯನಿಗೆ, ಹಿಂದಿರುಗಿ ಬಂದ ಹಣ ಕಾಣುವುದಿಲ್ಲ. ಕೆನಡಾದ ಕೇಂದ್ರ ಸರ್ಕಾರ 2019ರಲ್ಲಿ, ತಮ್ಮದೇ ವ್ಯವಸ್ಥೆಯಿಲ್ಲದ ಪ್ರಾಂತಗಳಲ್ಲಿ ಇಂಧನದ ಮೇಲೆ ಇಂಥದೇ ತೆರಿಗೆಯನ್ನು ತಂದು, ಬಂದುದರಲ್ಲಿ ಸುಮಾರು ಶೇಕಡ 90ನ್ನು ಮನೆಮನೆಗೆ ಹಂಚಿತು. ಆದರೆ ಮೊದಲು ಅದನ್ನು ಆದಾಯ ತೆರಿಗೆಯ ಲೆಕ್ಕಪತ್ರದೊಳಗೆ ಸೇರಿಸಿದ್ದರು. ಮುಂದೆ ಮೂರು ತಿಂಗಳಿಗೊಮ್ಮೆ ಬ್ಯಾಂಕಿಗೆ ಜಮೆ ಮಾಡಿದಾಗಲೂ ಅದು ಯಾವ ಹಣವೆಂದು ಹಲವರಿಗೆ ತಿಳಿಯಲಿಲ್ಲ. ವಿಚಾರಿಸಿದ ಸಂಶೋಧಕರಿಗೆ ಅನೇಕರು ತಮಗೆ ಬಂದುದಕ್ಕಿಂತ ಕಡಿಮೆ ಬಂದಿತೆಂದೇ ಹೇಳಿದರು. ಕಾಣದ ಅನಿಲವನ್ನು ಅಲಕ್ಷಿಸುವ ಅದೇ ಮನಸ್ಸು ಸದ್ದಿಲ್ಲದೆ ಬರುವ ಹಣವನ್ನೂ ಅಲಕ್ಷಿಸಿತು. ನಂಬಿಕೆಯನ್ನು ಬೇಡದ ಉಪಾಯವೆಂದು ನಾವು ಕೊಂಡಾಡಿದ ಬೆಲೆಗೆ, ತಾನು ಉಳಿದುಕೊಳ್ಳುವುದಕ್ಕಾದರೂ ಮತದಾರನ ನಂಬಿಕೆ ಬೇಕೆಂಬುದನ್ನು ಅರ್ಥಶಾಸ್ತ್ರಜ್ಞರು ಸಾಕಷ್ಟು ಗಮನಿಸಲಿಲ್ಲವೆಂದೇ ನನ್ನ ಅಭಿಪ್ರಾಯ. ಇದಕ್ಕೆ ನಿದರ್ಶನ ಆ ಪ್ರಾಂತದಲ್ಲಿಯೇ ಉಂಟು. 2021ರ ಜೂನ್ 29ರಂದು ಬ್ರಿಟಿಷ್ ಕೊಲಂಬಿಯಾದ ಲಿಟನ್ ಎಂಬ ಹಳ್ಳಿಯಲ್ಲಿ 49.6 ಡಿಗ್ರಿ ಉಷ್ಣತೆ ದಾಖಲಾಗಿ, ಮರುದಿನವೇ ಆ ಹಳ್ಳಿಯ ಬಹುಭಾಗ ಬೆಂಕಿಗೆ ಆಹುತಿಯಾಯಿತು. ಆ ಬಿಸಿಗಾಳಿಗೆ ಪ್ರಾಂತದಲ್ಲಿ 619 ಮಂದಿ ಸತ್ತರು. ಇದಾಗಿ ನಾಲ್ಕು ವರ್ಷ ತುಂಬುವ ಮೊದಲೇ, 2025ರ ಏಪ್ರಿಲ್ 1ರಂದು, ಆ ಪ್ರಾಂತದ ತೆರಿಗೆಯೂ ಕೇಂದ್ರದ ತೆರಿಗೆಯೂ ಜನರ ಪೆಟ್ರೋಲಿನ ಮೇಲಿನಿಂದ ಒಟ್ಟಿಗೇ ತೊಲಗಿದುವು. ದೊಡ್ಡ ಕೈಗಾರಿಕೆಗಳ ಮೇಲಿನ ಬೆಲೆ ಮಾತ್ರ ಉಳಿದಿದೆ.

ನಮ್ಮ ದೇಶದ ಅನುಭವ ಇದಕ್ಕೆ ತದ್ವಿರುದ್ಧ. 2010ರಲ್ಲಿ ಕಲ್ಲಿದ್ದಲಿನ ಮೇಲೆ ಟನ್ನಿಗೆ 50 ರೂಪಾಯಿಯಂತೆ ಆರಂಭವಾದ ಸೆಸ್ಸು 2016ರ ಹೊತ್ತಿಗೆ 400 ರೂಪಾಯಿಗೇರಿತು. ಒಂದು ಯೂನಿಟ್ ವಿದ್ಯುತ್ತಿಗೆ ಮುಕ್ಕಾಲು ಕಿಲೋಗ್ರಾಮಿಗಿಂತ ತುಸು ಕಡಿಮೆ ಕಲ್ಲಿದ್ದಲು ಉರಿಯುತ್ತದೆಂದು ಹಿಡಿದರೆ, ರಾಯಚೂರಿನಂಥ ಶಾಖೋತ್ಪನ್ನ ಸ್ಥಾವರದಿಂದ ಬಂದ ಪ್ರತಿ ಯೂನಿಟ್ಟಿನಲ್ಲಿಯೂ ಕಾಲು ರೂಪಾಯಿಯಷ್ಟು ಇಂಗಾಲದ ಬೆಲೆ ಅಡಗಿತ್ತು. ಕರೆಂಟು ಬಿಲ್ಲಿನಲ್ಲಿ ಅದರ ಸಾಲು ಇರಲಿಲ್ಲವಾಗಿ ಯಾರೂ ಬೀದಿಗಿಳಿಯಲಿಲ್ಲ; 2017ರಲ್ಲಿ ಅದು ರಾಜ್ಯಗಳಿಗೆ ಜಿ.ಎಸ್.ಟಿ. ಪರಿಹಾರ ಕೊಡುವ ಸೆಸ್ಸಾಗಿ ಮಾರ್ಪಟ್ಟಾಗಲೂ, 2025ರ ಸೆಪ್ಟೆಂಬರಿನಲ್ಲಿ ಅದನ್ನು ತೆಗೆದು ಕಲ್ಲಿದ್ದಲಿನ ಜಿ.ಎಸ್.ಟಿ.ಯನ್ನೇ ಶೇಕಡ 5ರಿಂದ 18ಕ್ಕೆ ಏರಿಸಿದಾಗಲೂ ಯಾರೂ ಕೇಳಲಿಲ್ಲ. ಇನ್ನು ಮುಂದಿನ ಪ್ರಯೋಗವೆಂದರೆ 2023ರಲ್ಲಿ ಅಧಿಸೂಚನೆ ಹೊರಟ ಇಂಗಾಲದ ಕ್ರೆಡಿಟ್ಟುಗಳ ವಹಿವಾಟು: ಒಂದು ಟನ್ ಸರಕಿಗೆ ಇಷ್ಟೇ ಅನಿಲವೆಂಬ ಗುರಿಯನ್ನು ಕಾರ್ಖಾನೆಗೆ ಗೊತ್ತುಮಾಡಿ, ಗುರಿಗಿಂತ ಕಡಿಮೆ ಹೊರಬಿಟ್ಟವನು ಉಳಿಸಿದುದನ್ನು ಮೀರಿದವನಿಗೆ ಮಾರುವ ಏರ್ಪಾಡು. ಇದರ ವ್ಯಾಪ್ತಿಗೆ ಸಿಮೆಂಟು ಸೇರಿದೆ. ಸುಣ್ಣಕಲ್ಲನ್ನು ಕಾಯಿಸಿದಾಗ ಕಲ್ಲಿನೊಳಗಿನ ಇಂಗಾಲದ ಡೈಆಕ್ಸೈಡೇ ಹೊರಬರುವುದರಿಂದ, ಗೂಡನ್ನು ಯಾವ ಇಂಧನದಿಂದ ಉರಿಸಿದರೂ ಈ ಉದ್ಯಮಕ್ಕೆ ಹೊಗೆಯ ಲೆಕ್ಕದಿಂದ ಪೂರ್ಣ ಬಿಡುಗಡೆಯಿಲ್ಲ. ಕಲಬುರಗಿ ಜಿಲ್ಲೆಯ ಸಿಮೆಂಟ್ ಕಾರ್ಖಾನೆಗಳಿಂದ ಮನೆ ಕಟ್ಟುವವನ ಅಂಗಳಕ್ಕೆ ಬಂದಿಳಿಯುವ ಮೂಟೆಯಲ್ಲಿ ಆ ಬೆಲೆಯೂ ಇನ್ನು ಮೇಲೆ ಸ್ವಲ್ಪ ಸ್ವಲ್ಪವಾಗಿ ಸೇರಿಕೊಳ್ಳಲಿದೆ. ಮೂಟೆಯ ಮೇಲೆ ಅದನ್ನು ಅಚ್ಚುಹಾಕಿ ತೋರಿಸಬೇಕೆ ಬೇಡವೆ ಎಂಬ ಪ್ರಶ್ನೆಯನ್ನು ಇಲ್ಲಿ ಇನ್ನೂ ಯಾರೂ ಎತ್ತಿದಂತಿಲ್ಲ.