ಯಂತ್ರದ ಹೊರಗಿನ ಕೈ

ಗಣಕಯಂತ್ರ ಚಾರ್ಮಾಡಿಯ ತೋಟದ ಮನೆಯಲ್ಲಿ, ಅದನ್ನು ಬಲ್ಲ ಮಗ ಬೆಂಗಳೂರಿನಲ್ಲಿ. ಇಂಥ ಸಂಸಾರಗಳು ಈಗ ಅಪೂರ್ವವಲ್ಲ. 2019ರ ಆಗಸ್ಟಿನಲ್ಲಿ ಗುಡ್ಡ ಕುಸಿದು ಘಾಟಿಯ ದಾರಿ ಮುಚ್ಚಿತಷ್ಟೆ. ಅಂಥ ದಿನಗಳಲ್ಲಿ ಯಂತ್ರ ಮೊಂಡುಬಿದ್ದರೆ ಬಂದು ನೋಡುವವರು ಯಾರು?

ದೂರವೆಂಬುದು ತಾನಾಗಿ ಅಡ್ಡಿಯಲ್ಲ. ಲಡಾಖಿನ ಹಾನ್ಲೆಯಲ್ಲಿ ಸುಮಾರು 4,500 ಮೀಟರ್ ಎತ್ತರದಲ್ಲಿರುವ ದೂರದರ್ಶಕವನ್ನು ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯವರು ನಮ್ಮ ಹೊಸಕೋಟೆಯಲ್ಲಿ ಕುಳಿತು, ಉಪಗ್ರಹದ ಮೂಲಕ ನಡೆಸುತ್ತಾರೆ.

ಮನೆಯ ಗಣಕವನ್ನು ದೂರದಿಂದ ನಡೆಸುವ ತಂತ್ರಾಂಶಗಳು ಹಲವುಂಟು. ಆದರೆ ಯಂತ್ರ ಎಚ್ಚರವಾಗಿದ್ದರೆ ಮಾತ್ರ ಅವು ಓಗೊಡುತ್ತವೆ; ವಿಂಡೋಸ್ ಏಳದೆ ನಿಂತರೆ ಅವೂ ಅದರೊಡನೆ ಮಲಗುತ್ತವೆ. ಆದುದರಿಂದ ಆರಿಸಬೇಕಾದುದು ಯಂತ್ರದ ಹೊರಗೆ ನಿಲ್ಲುವ ಸಾಧನವನ್ನು. ಕೆವಿಎಂ ಎಂಬ ಪುಟ್ಟ ಪೆಟ್ಟಿಗೆ ಅಂಥದು. ಪರದೆಗೆ ಹೋಗುವ ಚಿತ್ರವನ್ನು ಎಚ್‌ಡಿಎಂಐ ತಂತಿಯಿಂದ ಪಡೆದು ಅಂತರ್ಜಾಲಕ್ಕೆ ಒಪ್ಪಿಸುತ್ತದೆ. ಯುಎಸ್‌ಬಿಯ ಮೂಲಕ ತಾನೇ ಕೀಲಿಮಣೆಯ, ಮೌಸಿನ ವೇಷ ಕಟ್ಟುತ್ತದೆ. ನಮ್ಮ ಮೇಳದ ಕಲಾವಿದರಿಗಿಂತ ಕಡಿಮೆಯಿಲ್ಲ, ಯಂತ್ರಕ್ಕೆ ಗುರುತೇ ಹತ್ತುವುದಿಲ್ಲ! ವಿಂಡೋಸಿಗೂ ಮೊದಲು ಮೂಡುವ ಬಯೋಸ್ ಪುಟವೂ ಮಗನಿಗೆ ಕಾಣುತ್ತದೆ. ರಾಸ್ಪ್‌ಬೆರಿ ಪೈ ಎಂಬ ಕಿರುಗಣಕದ ಮೇಲೆ ಕಟ್ಟಿದ ಪೈಕೆವಿಎಂ ಈ ಬಗೆಯದು.

ಕೊಳ್ಳುವಾಗ ಬೆಲೆಗಿಂತ ಮೊದಲು ಕೇಳಬೇಕಾದುದು, ಗಣಕದ ಪವರ್ ಗುಂಡಿಯನ್ನು ಒತ್ತುವ ಸೌಕರ್ಯ ಇದಕ್ಕಿದೆಯೆ ಎಂಬುದನ್ನು. ಅದಿಲ್ಲದಿದ್ದರೆ ಆರಿದ ಯಂತ್ರದ ಕಪ್ಪು ತೆರೆಯನ್ನು ಬೆಂಗಳೂರಿನಿಂದ ದಿಟ್ಟಿಸುವುದಷ್ಟೇ ಭಾಗ್ಯ. ಪೆಟ್ಟಿಗೆಯನ್ನು ಅಂತರ್ಜಾಲಕ್ಕೆ ನೇರ ತೆರೆದಿಡಲಾಗದು, ಅದು ಬೀಗದ ಕೈಯನ್ನು ಜಗಲಿಯಲ್ಲಿಟ್ಟಂತೆ. ವಿಪಿಎನ್ ಎಂಬ ಗುಪ್ತಮಾರ್ಗ ಬೇಕು. ಇನ್ನು ನಮ್ಮ ಮಳೆಗಾಲ. ಗಣಕಕ್ಕೆ ಯುಪಿಎಸ್ ಇಟ್ಟು ರೂಟರನ್ನೂ ಈ ಪೆಟ್ಟಿಗೆಯನ್ನೂ ಗೋಡೆಯ ಪ್ಲಗ್ಗಿಗೇ ಬಿಟ್ಟರೆ, ಕರೆಂಟು ಹೋದ ಕ್ಷಣ ಗಣಕ ಓಡುತ್ತಲೇ ಇರುತ್ತದೆ, ಮಗನ ದಾರಿ ಮಾತ್ರ ಕಡಿದಿರುತ್ತದೆ.